ಮಣ್ಣು ಹೊತ್ತ ರೆಫ್ರಿ

ರಾಯಚೂರಿನ ಜಹೀರುದ್ದೀನ್ ಮಾಸ್ತರರು ಹೈಸ್ಕೂಲಿನಲ್ಲಿ ಪಿ.ಟಿ. ಕಲಿಸಿ ನಿವೃತ್ತರಾದವರು. ಒಂದು ಸೀಟಿ ಊದಿ ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸುತ್ತಿದ್ದ ಈ ಮನುಷ್ಯ ಮನೆಯಲ್ಲಿ ಮಾತ್ರ ಒಂದು ತೀರ್ಪು ಕೊಟ್ಟು ದಕ್ಕಿಸಿಕೊಂಡದ್ದಕ್ಕೆ ಸಾಕ್ಷಿಯಿಲ್ಲ. ಗೋಡೆಗೆ ತಿಳಿಹಸಿರು ಹೊಡೆಸೋಣ ಎಂದರೆ ಹೆಂಡತಿ ಉಮ್ಮೇ ಕುಲ್ಸುಮ್ “ಹಂಗಲ್ಲ” ಎನ್ನುತ್ತಿದ್ದರು. ಗೋಡೆ ಕೆನೆಬಣ್ಣಕ್ಕೆ ತಿರುಗುತ್ತಿತ್ತು. ಬೆಳಗಿನ ಬಸ್ಸಿಗೆ ಹೋಗೋಣ ಎಂದರೆ “ಹಂಗಲ್ಲ”. ಇಬ್ಬರೂ ಮಧ್ಯಾಹ್ನದ ಬಸ್ಸಿನಲ್ಲಿ ಕೂತಿರುತ್ತಿದ್ದರು. ಕುಲ್ಸುಮ್ ಹೇಳಿದ್ದೇ ಬಹಳ ಸಲ ಸರಿಯಾಗಿರುತ್ತಿತ್ತು ಎನ್ನುವುದು ಮಾಸ್ತರರ ಸಂಸಾರದ ದೊಡ್ಡ ದುಃಖ. ತಪ್ಪಿದ್ದರೆ ಒಂದು ದಿನವಾದರೂ ಜಗಳ ಗೆಲ್ಲಬಹುದಿತ್ತು.

ಗಂಡ ಹೆಂಡತಿ ಮನೆಯಲ್ಲಿ ಆಡುತ್ತಿದ್ದದ್ದು ದಖ್ಖನಿ ಉರ್ದು. ಜಗಳ ಮಾತ್ರ ಕನ್ನಡದಲ್ಲಿ. ಕುಲ್ಸುಮ್ ದೇವದುರ್ಗದ ಹೆಣ್ಣುಮಗಳು. ತವರಿನ ಓಣಿಯಲ್ಲಿ ಜಗಳವೆಂದರೆ ಎದುರುಮನೆಯವರಿಗೂ ನ್ಯಾಯ ತಿಳಿಯುವಂತೆ ಆಡಬೇಕು ಎನ್ನುವ ಪದ್ಧತಿಯಿತ್ತು. ಎದುರುಮನೆಯವರು ಕನ್ನಡದವರು.

ಹೋದ ಚಳಿಗಾಲದಲ್ಲಿ ಕುಲ್ಸುಮ್ ಅವರ ಎರಡೂ ಕಣ್ಣಿನ ಪೊರೆ ತೆಗೆಸಿದರು. ಕೆಲವು ವರ್ಷಗಳಿಂದ ಅವರಿಗೆ ಲೋಕವೆಲ್ಲ ಗಂಜಿಯೊಳಗಿಂದ ನೋಡಿದ ಹಾಗೆ ಕಾಣುತ್ತಿತ್ತು. ಪಟ್ಟಿ ಬಿಚ್ಚಿದ ದಿನ ಅವರು ಗಂಡನ ಮುಖವನ್ನು ಬಹಳ ಹೊತ್ತು ನೋಡಿ, “ಯವ್ವಾ, ಇಷ್ಟು ಮುದುಕ ಆಗೀರೇನ್ರೀ?” ಎಂದರು. ಆಮೇಲೆ ಏನನ್ನಿಸಿತೋ, ಕೈಚಾಚಿ ಅವರ ಅಂಗಿಯ ಕಾಲರು ಸರಿಮಾಡಿದರು. ಅದು ಎಷ್ಟು ದಿನದಿಂದ ಮಡಚಿಕೊಂಡಿತ್ತೋ ಯಾರಿಗೆ ಗೊತ್ತು.

ಆ ಕಣ್ಣು ಬಂದ ಮೇಲೆಯೇ ಮಾಸ್ತರರಿಗೆ ಒಂದು ಆಸೆ ಹುಟ್ಟಿದ್ದು. ತಾನು ಒಂದು ಮಾತು ಹೇಳಬೇಕು, ಆ ಮಾತು ನಿಲ್ಲಬೇಕು, ಅದನ್ನು ಕುಲ್ಸುಮ್ ಕಣ್ಣಾರೆ ನೋಡಬೇಕು. ಮನೆಯಲ್ಲಿ ಅದು ಆಗುವ ಮಾತಲ್ಲ. ಆಗುವುದಿದ್ದರೆ ಮೈದಾನದಲ್ಲಿ.

ಮೈದಾನದಲ್ಲಿ ಅವರಿಗೆ ಒಂದು ಏಕಸ್ವಾಮ್ಯವಿತ್ತು. ನಿವೃತ್ತಿಗೆ ಮುಂಚೆ ಹೈದರಾಬಾದಿನಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಎಂಬ ಅಮೆರಿಕದ ಆಟದ ತರಬೇತಿ ನಡೆದಾಗ, ಉಳಿದ ಮಾಸ್ತರರೆಲ್ಲ ಒಬ್ಬೊಬ್ಬರಾಗಿ ಜ್ವರ ಬಂದು ಮಲಗಿದ್ದರಿಂದ ಇವರು ಹೋಗಿದ್ದರು. ಪಟ್ಟೆಪಟ್ಟೆಯ ಅಂಗಿ, ನಿಯಮದ ಪುಸ್ತಕ ಮತ್ತು ರೆಫ್ರಿ ಎಂಬ ಪದವಿಯೊಂದಿಗೆ ಮರಳಿದ್ದರು. ಈಗ ಹೆಣ್ಣುಮಕ್ಕಳ ಕಾಲೇಜುಗಳಲ್ಲಿ ಆ ಆಟಕ್ಕೆ ಇದ್ದಕ್ಕಿದ್ದಂತೆ ಹುರುಪು ಬಂದಿತ್ತು. ಜಿಲ್ಲೆಯಲ್ಲಿ ಅದರ ಕಾಯಿದೆ ಬಲ್ಲವರು ಜಹೀರುದ್ದೀನ್ ಒಬ್ಬರೇ.

ಊಟಕ್ಕೆ ಕೂತಾಗ ಅವರು ಹೆಂಡತಿಗೆ ಆಟ ವಿವರಿಸಿದರು. ಚೆಂಡು ದುಂಡಗಿರುವುದಿಲ್ಲ, ಎರಡೂ ತುದಿ ಚೂಪು. ಅದನ್ನು ಕೈಯಲ್ಲಿ ಹಿಡಿದು ಓಡಬೇಕು, ಇಲ್ಲವೆ ಮುಂದೆ ಓಡುವ ಗೆಳತಿಗೆ ಎಸೆಯಬೇಕು. ಒಬ್ಬೊಬ್ಬರ ಸೊಂಟದ ಪಟ್ಟಿಗೂ ರಿಬ್ಬನ್ನು ನೇತಾಡುತ್ತಿರುತ್ತದೆ. ಎದುರಾಳಿ ಆ ರಿಬ್ಬನ್ನು ಕಿತ್ತರೆ ಓಟ ಅಲ್ಲಿಗೆ ನಿಂತಿತು. ಕಿತ್ತ ಗಳಿಗೆಯಲ್ಲಿ ಚೆಂಡು ಎಲ್ಲಿತ್ತೋ ಅಲ್ಲಿಯೇ ಅದನ್ನು ಇಡಬೇಕು. ಕೊನೆಯ ಗೆರೆ ದಾಟಿದರೆ ಅಂಕ.

“ಕಿತ್ತಾಗ ಎಲ್ಲಿತ್ತಂತ ಹ್ಯಾಂಗ ತಿಳೀತದ? ಹುಡಿಗ್ಯಾರು ಓಡಾಕತ್ತಿರ್ತಾರ” ಎಂದು ಕುಲ್ಸುಮ್ ಕೇಳಿದರು.

“ಅದಕ್ಕೇ ನಾ ಇರೋದು. ನಾ ನೋಡಿ ಹೇಳ್ತೀನಿ. ನಾ ಹೇಳಿದ್ದೇ ಖರೆ.”

“ಸೊಟ್ಟ ಚೆಂಡಿಗೆ ನೆಟ್ಟಗ ನ್ಯಾಯ ಹೇಳೋರು ನೀವು,” ಎಂದು ಕುಲ್ಸುಮ್ ಇನ್ನೊಂದು ರೊಟ್ಟಿ ಹಾಕಿದರು.

ಮಾನ್ವಿ ಮತ್ತು ದೇವದುರ್ಗದ ಕಾಲೇಜುಗಳ ಪಂದ್ಯ ಗೊತ್ತಾದಾಗ ಒಂದು ತೊಡಕು ಬಂತು. ದೇವದುರ್ಗದ ತಂಡದಲ್ಲಿ ಆಡುವ ವಾಹಿದಾ, ಕುಲ್ಸುಮ್ ಅವರ ತಮ್ಮ ಜಿಲಾನಿ ಪಾಷಾನ ಮಗಳು. ಮಾಸ್ತರರು ಮಾನ್ವಿಯ ಕೋಚ್ ಉಮಾಶ್ರೀಗೆ ಫೋನು ಮಾಡಿ, “ನೋಡವ್ವಾ, ಆ ಕಡೆ ನನ್ನ ಹೆಂಡ್ತಿ ತವರಮನಿ ಹುಡುಗಿ ಆಡ್ತಾಳ. ನಿಮಗ ಬ್ಯಾಡಂದ್ರ ನಾ ಬರಂಗಿಲ್ಲ” ಎಂದು ಮೊದಲೇ ಹೇಳಿದರು.

“ಸರ್, ನೀವು ಬರ್ಲಿಲ್ಲಂದ್ರ ಮ್ಯಾಚೇ ಇಲ್ಲ. ನಿಮ್ಮ ಬಿಟ್ರ ಇನ್ನೊಬ್ಬರು ಯಾರದಾರ? ಬರ್ರಿ, ನಿಮ್ಮ ಮ್ಯಾಲ ನಮಗ ನಂಬಿಕಿ ಅದ” ಎಂದಳು ಉಮಾಶ್ರೀ.

ನಂಬಿಕೆ ಎಂಬುದು ಪಂದ್ಯ ಶುರುವಾಗುವ ಮುಂಚೆ ಎಲ್ಲರಲ್ಲೂ ಹೇರಳವಾಗಿರುತ್ತದೆ.

ಇನ್ನೊಂದು ಸಾಮಗ್ರಿ ಬೇಕಿತ್ತು. ಚೆಂಡು ಎಲ್ಲಿತ್ತು ಎಂದು ಗುರುತು ಮಾಡಲು ರೆಫ್ರಿ ನೆಲಕ್ಕೆ ಒಗೆಯುವ ಅಂಗೈಯಗಲದ ಒಂದು ಗಂಟು. ಅದರಲ್ಲಿ ಕಾಳು ತುಂಬಬೇಕು ಎಂದು ಪುಸ್ತಕ ಹೇಳುತ್ತಿತ್ತು. ಕುಲ್ಸುಮ್ ತಮ್ಮ ಹಳೆಯ ನೀಲಿ ಸಲ್ವಾರದ ಬಟ್ಟೆಯಲ್ಲಿ ಚೀಲ ಹೊಲಿದು, “ಒಗಿಯೋ ಚೀಲಕ್ಕ ಯಾರು ಕಾಳು ಹಾಕ್ತಾರ್ರೀ?” ಎಂದು ಅಕ್ಕಿ ನುಚ್ಚು ತುಂಬಿ ಬಾಯಿ ಹೊಲಿದರು. ಮಾಸ್ತರರು ಮರಳು ತುಂಬಿದರೆ ಹೇಗೆ ಎಂದು ಕೇಳಿದ್ದರು. ಉತ್ತರವನ್ನು ನೀವು ಊಹಿಸಬಲ್ಲಿರಿ.

ಮಾನ್ವಿಯ ಮೈದಾನ ಕಾಲುವೆಯ ಪಕ್ಕದಲ್ಲಿದೆ. ಒಂದು ಮಗ್ಗುಲಿಗೆ ಗದ್ದೆ, ಇನ್ನೊಂದಕ್ಕೆ ಮನೆಗಳು. ಸುಣ್ಣದ ಗೆರೆ ಹಾಕಿ, ಶಾಮಿಯಾನದ ಕೆಳಗೆ ಕುರ್ಚಿ ಹಾಕಿದ್ದರು. ದೇವದುರ್ಗದಿಂದ ತಂಡ ಟೆಂಪೊದಲ್ಲಿ ಬಂದಿತ್ತು. ಪಂದ್ಯ ಮುಗಿದ ಮೇಲೆ ಮಾಸ್ತರರೂ ಕುಲ್ಸುಮ್ ಅವರೂ ಅದೇ ಗಾಡಿಯಲ್ಲಿ ದೇವದುರ್ಗಕ್ಕೆ ಹೋಗುವುದೆಂದು ಜಿಲಾನಿ ಪಾಷಾ ಗೊತ್ತುಮಾಡಿದ್ದ. ನೋಡಲು ಬಂದವರಲ್ಲಿ ಆಟದ ಕಾಯಿದೆ ತಿಳಿದವರು ಯಾರೂ ಇರಲಿಲ್ಲ. ಆದರೆ ತಮ್ಮ ಊರು ಯಾವುದು ಎಂದು ಎಲ್ಲರಿಗೂ ಖಚಿತವಾಗಿ ತಿಳಿದಿತ್ತು. ಆಟ ನೋಡಲು ಅಷ್ಟು ಸಾಕು.

ಕುಲ್ಸುಮ್ ಕೊನೆಯ ಗೆರೆಗೆ ನೇರವಾಗಿ, ಶಾಮಿಯಾನದ ತುದಿಯ ಕುರ್ಚಿಯಲ್ಲಿ ಕೂತರು. ಬಿಸಿಲಿಗೆ ಕಣ್ಣು ಒಡ್ಡಬಾರದೆಂದು ಡಾಕ್ಟರು ಕೊಟ್ಟ ಕಪ್ಪು ಚಷ್ಮಾ ಹಾಕಿದ್ದರು. ಅರ್ಧ ಮುಖವನ್ನೇ ನುಂಗಿದ್ದ ಚಷ್ಮಾ. ಪಕ್ಕದ ಕುರ್ಚಿಯ ಹೆಂಗಸು ಅವರನ್ನು ಯಾರೋ ದೊಡ್ಡ ಅಧಿಕಾರಿಯೆಂದು ತಿಳಿದು ಸೆರಗು ಸರಿಮಾಡಿಕೊಂಡಳು.

ಆಟ ನಡೆಯಿತು. ನಾಲ್ವರು ತೀರ್ಪುಗಾರರು ಇರಬೇಕಾದಲ್ಲಿ ಮಾಸ್ತರರು ಒಬ್ಬರೇ ಮೈದಾನದ ತುಂಬ ಓಡಾಡಿದರು. ಸೀಟಿ ಊದಿದರು, ಕೈ ಎತ್ತಿದರು, ನೀಲಿ ಚೀಲ ಒಗೆದರು. ಅವರ ಪ್ರತಿಯೊಂದು ಮಾತಿಗೂ ಹುಡುಗಿಯರು “ಸರಿ ಸರ್” ಎನ್ನುತ್ತಿದ್ದರು. ಹೀಗೆ ಒಂದೊಂದು ಮಾತು ನಿಂತಾಗಲೂ ಮಾಸ್ತರರು ಶಾಮಿಯಾನದ ಕಡೆ ಕಣ್ಣು ಹಾಯಿಸುವರು. ಕುಲ್ಸುಮ್ ಅವರ ಮುಖ ಮೈದಾನಕ್ಕೇ ತಿರುಗಿತ್ತು, ಅದೇನೋ ನಿಜ. ಆದರೆ ಆ ಕಪ್ಪು ಗಾಜಿನ ಹಿಂದೆ ಕಣ್ಣು ಗಂಡನ ಮೇಲಿದೆಯೋ, ವಾಹಿದಾಳ ಮೇಲಿದೆಯೋ, ಅಥವಾ ಮುಚ್ಚಿಕೊಂಡೇ ಇದೆಯೋ, ಹೇಳುವುದು ಹೇಗೆ?

ಕೊನೆಗೆ ಆಟ ಒಂದೇ ಓಟಕ್ಕೆ ಬಂದು ನಿಂತಿತು. ದೇವದುರ್ಗ ಒಂದು ಅಂಕ ಮುಂದಿತ್ತು. ವೇಳೆ ಮುಗಿದಿತ್ತು, ಮಾನ್ವಿಗೆ ಉಳಿದದ್ದು ಒಂದೇ ಅವಕಾಶ. ಗೆರೆ ದಾಟಿದರೆ ಮಾನ್ವಿ, ದಾಟದಿದ್ದರೆ ದೇವದುರ್ಗ.

ಮಾನ್ವಿಯ ಕಾವ್ಯಾ ಚೆಂಡು ಹಿಡಿದು ಓಡಿದಳು. ಒಬ್ಬಳನ್ನು ತಪ್ಪಿಸಿದಳು, ಇನ್ನೊಬ್ಬಳನ್ನು ತಪ್ಪಿಸಿದಳು. ಕೊನೆಯ ಗೆರೆ ಹತ್ತಿರ ಬಂತು. ವಾಹಿದಾ ಅಡ್ಡ ಬಂದು ರಿಬ್ಬನ್ನಿಗೆ ಕೈ ಹಾಕಿದಳು. ಜನ ಎದ್ದು ನಿಂತರು. ಇಡೀ ಆಟದ ತೀರ್ಪು ಈಗಲೇ ಆಗಬೇಕು, ಅದನ್ನು ಹೇಳುವವರು ತಾವು. ಮಾಸ್ತರರಿಗೆ ತಡೆಯಲಾಗಲಿಲ್ಲ. ಕುಲ್ಸುಮ್ ನೋಡುತ್ತಿದ್ದಾಳೋ ಇಲ್ಲವೋ ಎಂದು ಶಾಮಿಯಾನದ ಕಡೆ ತಿರುಗಿದರು.

ಕಪ್ಪು ಗಾಜು. ಏನೂ ತಿಳಿಯಲಿಲ್ಲ. ತಿಳಿಯಲಿಲ್ಲವೆಂದೇ ಇನ್ನೊಂದಿಷ್ಟು ನೋಡಿದರು.

ಮತ್ತೆ ಇತ್ತ ತಿರುಗುವಷ್ಟರಲ್ಲಿ ಕಾವ್ಯಾ ಗೆರೆಯ ಆಚೆ ಬಿದ್ದಿದ್ದಳು. ವಾಹಿದಾ ಗೆರೆಯ ಈಚೆ ಮಂಡಿಯೂರಿ, ಕಿತ್ತ ರಿಬ್ಬನ್ನನ್ನು ಎತ್ತಿ ಹಿಡಿದಿದ್ದಳು. ಮಾಸ್ತರರ ಕೈ ಅಭ್ಯಾಸಬಲದಿಂದ ನೀಲಿ ಚೀಲ ಒಗೆಯಿತು. ವಾಹಿದಾಳ ಮಂಡಿಯ ಹತ್ತಿರ, ಗೆರೆಯಿಂದ ಒಂದು ಗೇಣು ಈಚೆ ಅದು ಬಿತ್ತು. ಬಾಯಿ ಸೀಟಿ ಊದಿತು. ತೀರ್ಪಾಯಿತು. ದೇವದುರ್ಗ ಗೆದ್ದಿತು.

ಆಮೇಲೆ ಮಾನ್ವಿ ಮೈದಾನಕ್ಕೆ ಇಳಿಯಿತು.

“ದಾಟ್ಯಾಳ್ರೀ! ಗೆರಿ ದಾಟಿದ ಮ್ಯಾಲ ಕಿತ್ತಾಳ!”

“ಅಳಿಯಾ! ದೇವದುರ್ಗದ ಅಳಿಯಾ!”

“ಬೀಗರ ಮನಿ ಊಟದ ಋಣ ತೀರಿಸಿದೇನಪಾ?”

“ಏನ್ ಊಟ, ಯಾರ್ ಊಟ? ನಮ್ಮ ದುಲ್ಹೇಭಾಯಿ ಮ್ಯಾಲ ಮಾತಾಡಿದ್ರ ನೋಡ್ರಿ ಮತ್ತ!” ಎಂದು ಜಿಲಾನಿ ಪಾಷಾ ಅಕ್ಕನ ಗಂಡನ ಪರವಾಗಿ ನುಗ್ಗಿದ. ಮಾನ್ವಿಯವರ ಅನುಮಾನ ಇದರಿಂದ ಕಡಿಮೆಯೇನೂ ಆಗಲಿಲ್ಲ.

“ನನ್ನ ಕಾಲು ಆಚಿ ಇತ್ತು ಸರ್” ಎಂದಳು ಕಾವ್ಯಾ.

“ಕಾಲು ಯಾರು ಕೇಳ್ಯಾರ? ಚೆಂಡು ಈಚಿ ಇತ್ತು” ಎಂದಳು ವಾಹಿದಾ.

“ಸರ್, ನೀವು ನೋಡಿದ್ರಲ್ಲ? ಅಷ್ಟು ಹೇಳಿಬಿಡ್ರಿ” ಎಂದಳು ಉಮಾಶ್ರೀ. ದನಿ ಮೆತ್ತಗಿತ್ತು, ಅದಕ್ಕೇ ಚುಚ್ಚಿತು.

ಮಾಸ್ತರರು, “ಚೀಲ ಎಲ್ಲಿ ಬಿದ್ದದೋ ಚೆಂಡು ಅಲ್ಲೇ ಇತ್ತು. ಬರ್ರಿ, ತೋರಸ್ತೀನಿ” ಎಂದು ಗಂಭೀರವಾಗಿ ನಡೆದರು. ಜನ ಹಿಂದೆಯೇ ಬಂತು.

ಚೀಲ ಇರಲಿಲ್ಲ.

ಕಾಲುವೆಯ ದಿಬ್ಬದ ಮೇಲೆ ಒಂದು ಆಡು ನಿಂತಿತ್ತು. ಅದರ ಬಾಯಲ್ಲಿ ನೀಲಿ ಬಟ್ಟೆ ಜೋತಾಡುತ್ತಿತ್ತು, ಗಡ್ಡಕ್ಕೆ ನುಚ್ಚು ಮೆತ್ತಿತ್ತು. ಜನ ಗದ್ದಲ ಹಾಕುತ್ತಿದ್ದಾಗ ಅದು ತನ್ನ ಪಾಡಿಗೆ ಬಂದು ತನ್ನ ಪಾಡಿಗೆ ಹೋಗಿತ್ತು.

“ಯಾರದ್ರಲೇ ಈ ಆಡು?”

“ನಮ್ಮದ್ರೀ. ಯಾಕ, ಅದ್ಯಾವ ಪಾರ್ಟಿನೂ ಅಲ್ಲ” ಎನ್ನುತ್ತ ತಿಮ್ಮವ್ವ ಮುಂದೆ ಬಂದಳು. ಮೈದಾನದ ಪಕ್ಕದ ಮನೆಯವಳು. ಹಣೆಯ ತುಂಬ ವಿಭೂತಿ, ಬಾಯ ತುಂಬ ಎಲೆಯಡಿಕೆ. “ಅಕ್ಕಿ ನುಚ್ಚು ಒಗದ್ರ ಆಡು ತಿನ್ನಲಾರದ ಏನ್ ಮಾಡ್ತದ? ನಿಮ್ಮ ಊರಾಗ ಆಡು ಕಲ್ಲು ತಿಂತಾವೇನು?”

ಗುರುತು ಅಳಿದ ಮೇಲೆ ಬಾಯಿಗಳು ದೊಡ್ಡವಾದವು. ಗೆರೆಯ ಈಚೆ ಒಂದು ಗೇಣು ಇದ್ದ ಚೀಲ ಜಿಲಾನಿ ಪಾಷಾನ ಬಾಯಲ್ಲಿ ಒಂದು ಮಾರು ಹಿಂದೆ ಸರಿಯಿತು. ಮಾನ್ವಿಯವರ ಬಾಯಲ್ಲಿ ಗೆರೆಯನ್ನೇ ದಾಟಿ ಆಚೆ ಬಿತ್ತು. ಇಬ್ಬರೂ ಆಣೆ ಮಾಡಿದರು.

ತಿಮ್ಮವ್ವ ಎಲೆಯಡಿಕೆ ಉಗುಳಿ ಬಂದು, ಸೊಂಟದ ಮೇಲೆ ಕೈಯಿಟ್ಟಳು. “ಇದು ಬದುವಿನ ಜಗಳ. ಬದು ಅಳಿಸಿಹೋದ್ರ ಹೊಲದಾಗ ಏನ್ ಮಾಡ್ತೀರಿ? ಹೆಂಟಿ ಮಣ್ಣು ತಲಿ ಮ್ಯಾಲ ಹೊತ್ತು, ಗೊತ್ತಿದ್ದವ ನಡೀತಾನ. ಅವ ಎಲ್ಲಿ ನಡದ್ನೋ ಅದೇ ಬದು. ಆಮ್ಯಾಲ ಯಾರೂ ಪಿಟಕ್ಕನ್ನಂಗಿಲ್ಲ. ಮಾಸ್ತರ್ರು ಮಣ್ಣು ಹೊರಲಿ. ಹೊತ್ತು ನಡದು, ಚೆಂಡು ಇಡಲಿ. ನಾವೆಲ್ಲ ಸುಮ್ಮನಾಗ್ತೀವಿ.”

ಹೊಲ ಇದ್ದವರಿಗೆಲ್ಲ ಈ ಮಾತು ಥಟ್ಟನೆ ಹಿಡಿಸಿತು. ಎರಡೂ ಊರಿನವರು ಅವತ್ತು ಒಪ್ಪಿದ ಮೊದಲ ಮಾತು ಅದು. ನಿಯಮದ ಪುಸ್ತಕದಲ್ಲಿ ಇದಕ್ಕೆ ಅವಕಾಶವಿದೆಯೇ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದವರು ಮಾಸ್ತರರು, ಅವರು ಬೇರೆ ನೆಪ ಹುಡುಕುತ್ತಿದ್ದರು.

“ನಮ್ಮೊಳಗ ಮಣ್ಣಿನ ಆಣಿ ಮಾಡಂಗಿಲ್ಲವ್ವಾ” ಎಂದರು ಕಡೆಗೆ.

“ಮಣ್ಣಿಗ್ಯಾವ ಜಾತಿರೀ ಯಪ್ಪಾ? ಎಲ್ಲಾರ್ನೂ ತಗೋತದ” ಎಂದು ತಿಮ್ಮವ್ವ ಗದ್ದೆಯ ಬದುವಿನಿಂದ ಒಂದು ಹೆಂಟೆ ಎತ್ತಿ ತಂದಳು. “ಖರೇ ಇದ್ದವರಿಗೆ ಏನೂ ಭಾರ ಇಲ್ಲ. ನಮ್ಮ ಸಣ್ಣ ಮಾವ ಸುಳ್ಳು ನಡದಿದ್ದ, ಅವಗೇನೂ ಆಗಲಿಲ್ಲ. ಕಲ್ಲುಗುಂಡಿನಂಗಿದ್ದ. ಮನ್ಯಾಗಿನಾಕಿಗೆ ತಟ್ಟಿತು. ವರ್ಷ ತುಂಬೋದ್ರಾಗ ಪಾಪ ಆಕಿ ಕಣ್ಣು ಹೋದವು.”

ಪೊರೆ ಬಂದಿರಬೇಕು ಎಂದು ಮಾಸ್ತರರ ಬುದ್ಧಿ ಹೇಳಿತು. ವಯಸ್ಸಾದವರಿಗೆ ಬರುತ್ತದೆ, ತೆಗೆಸಿದರೆ ಹೋಗುತ್ತದೆ. ಬುದ್ಧಿ ಇನ್ನೂ ಏನೇನೋ ಹೇಳುತ್ತಿತ್ತು, ಅಷ್ಟರಲ್ಲಿ ತಿಮ್ಮವ್ವ ಅವರ ಟೊಪ್ಪಿಗೆ ತೆಗೆದು ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಇಟ್ಟಾಗಿತ್ತು. ಹಸಿ ಮಣ್ಣು. ಒಂದು ಹನಿ ನೀರು ಕಿವಿಯ ಹಿಂದಿನಿಂದ ಇಳಿದು ಪಟ್ಟೆ ಅಂಗಿಯೊಳಗೆ ಹೋಯಿತು.

ಜನ ಎರಡು ಸಾಲಾಗಿ ದಾರಿ ಬಿಟ್ಟರು. ಕಾವ್ಯಾ ಚೆಂಡು ತಂದು ಅವರ ಕೈಗೆ ಕೊಟ್ಟಳು. ಎಲ್ಲಿ ಬೇಕಾದರೂ ಇಡಬಹುದಿತ್ತು. ಎಲ್ಲಿಟ್ಟರೂ ಮಾತು ನಿಲ್ಲುತ್ತಿತ್ತು. ಜನ್ಮದಲ್ಲಿ ಮೊದಲ ಸಲ ಅವರ ಮಾತಿಗೆ ಅಷ್ಟೊಂದು ಜನ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದರು, ಕುಲ್ಸುಮ್ ಕುರ್ಚಿಯಿಂದ ಎದ್ದು ನಿಂತು ನೋಡುತ್ತಿದ್ದರು. ಬಯಸಿದ್ದು ಇದನ್ನೇ. ಇಷ್ಟು ಚೆನ್ನಾಗಿ ಕೂಡಿಬರುತ್ತದೆಂದು ಅಂದುಕೊಂಡಿರಲಿಲ್ಲ.

ಅವರು ಒಂದು ಹೆಜ್ಜೆ ಇಟ್ಟರು. ಶಾಮಿಯಾನದ ತುದಿಯಲ್ಲಿ ಆ ದೊಡ್ಡ ಕಪ್ಪು ಚಷ್ಮಾ ಕಂಡಿತು.

ಎರಡನೆಯ ಹೆಜ್ಜೆ ಬರಲಿಲ್ಲ. ಮಾಸ್ತರರು ಚೆಂಡನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ, ಎರಡೂ ಕೈಯಿಂದ ತಲೆಯ ಮೇಲಿನ ಮಣ್ಣನ್ನು ಹುಷಾರಾಗಿ ಇಳಿಸಿ, ತಿಮ್ಮವ್ವನ ಕೈಗೆ ಹಿಂತಿರುಗಿಸಿದರು.

“ನಾ ನೋಡಿಲ್ಲ” ಎಂದರು.

“ಏನಂದ್ರಿ?”

“ಚೆಂಡು ಎಲ್ಲಿತ್ತಂತ ನಾ ನೋಡಿಲ್ಲ. ಅಂದಾಜಿನ ಮ್ಯಾಲ ಚೀಲ ಒಗದೆ.”

“ಮತ್ತ ಎಲ್ಲಿ ನೋಡಾಕತ್ತಿದ್ರಿ ಸರ್?” ಎಂದಳು ಉಮಾಶ್ರೀ.

ಸುಳ್ಳು ಹೇಳಲು ಈಗ ಅಡ್ಡಿಯಿರಲಿಲ್ಲ, ಮಣ್ಣು ತಲೆಯ ಮೇಲಿಂದ ಇಳಿದಿತ್ತು. ಕಣ್ಣಿಗೆ ಧೂಳು ಬಿತ್ತು ಎನ್ನಬಹುದಿತ್ತು. ಮಾನ್ವಿಯಲ್ಲಿ ಧೂಳಿಗೇನು ಬರ? ಆದರೆ ನಿಜ ಹೇಳಲು ಬಾಯಿ ಒಮ್ಮೆ ತೆರೆದರೆ ಮುಚ್ಚುವುದು ಕಷ್ಟ.

“ನನ್ನ ಹೆಂಡ್ತಿ ಕಡಿ” ಎಂದರು. “ಅಲ್ಲಿ ಕುಂತಾಳ. ಆಕಿ ನನ್ನ ನೋಡಾಕತ್ತಾಳೋ ಇಲ್ಲೋ ಅಂತ ನೋಡಾಕತ್ತಿದ್ದೆ.”

ಮೈದಾನಕ್ಕೆ ಇದನ್ನು ಅರ್ಥಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ನಕ್ಕವಳು ತಿಮ್ಮವ್ವ. ಆಮೇಲೆ ಎರಡೂ ಊರು ನಕ್ಕವು. ಎಲ್ಲ ತಲೆಗಳೂ ಒಟ್ಟಿಗೆ ಶಾಮಿಯಾನದ ಕಡೆ ತಿರುಗಿದವು. ಕುಲ್ಸುಮ್ ಕೂತುಬಿಟ್ಟರು. ದುಪಟ್ಟಾವನ್ನು ಮೂಗಿನ ತನಕ ಎಳೆದುಕೊಂಡರು. ಮೇಲೆ ಚಷ್ಮಾ, ಕೆಳಗೆ ದುಪಟ್ಟಾ, ನಡುವೆ ಕಾಣಲು ಏನೂ ಉಳಿಯಲಿಲ್ಲ. ಪಕ್ಕದ ಹೆಂಗಸು ಅವರ ತೊಡೆಗೆ ಮೆಲ್ಲಗೆ ತಟ್ಟಿ, “ಪುಣ್ಯ ಮಾಡೀರಿ ಬಿಡ್ರಿ. ನಮ್ಮವ್ರು ಎದುರಿಗೆ ಕುಂತ್ರೂ ನೋಡಂಗಿಲ್ಲ” ಎಂದಳು.

ನಗು ಇಳಿಯುವ ಮುಂಚೆಯೇ ಮಾಸ್ತರರು ಸೀಟಿ ಊದಿದರು. ಜೋರಾಗಿ, ಹಳೆಯ ಶಾಲೆಯ ಸೀಟಿ.

“ನಾ ನೋಡಿಲ್ಲ ಅಂದ ಮ್ಯಾಲ ತೀರ್ಪಿಲ್ಲ. ಆ ಓಟ ಲೆಕ್ಕಕ್ಕಿಲ್ಲ. ಎಲ್ಲಿಂದ ಶುರು ಆಗಿತ್ತೋ ಅಲ್ಲಿಂದ ಇನ್ನೊಮ್ಮೆ ಆಡಬೇಕು. ಇದು ನನ್ನ ಮಾತು.”

ಈಗ ಗದ್ದಲ ಎರಡೂ ಕಡೆಯಿಂದ ಬಂತು. ಗೆದ್ದಿದ್ದೇವೆ, ಮತ್ತೆ ಯಾಕೆ ಆಡಬೇಕು ಎಂದು ದೇವದುರ್ಗ. ದಾಟಿಯಾಗಿದೆ, ಮತ್ತೆ ಯಾಕೆ ದಾಟಬೇಕು ಎಂದು ಮಾನ್ವಿ. ಒಬ್ಬರು ಅವರ ತೋಳು ಹಿಡಿದೆಳೆದರು, ಇನ್ನೊಬ್ಬರು ಕೈಮುಗಿದರು. “ಬದಲ ಮಾಡ್ರಿ ಸರ್” ಎಂದರು, “ವಿಚಾರ ಮಾಡ್ರಿ” ಎಂದರು. ಮಾಸ್ತರರು ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ನಿಂತಿದ್ದರು. “ಹೇಳೀನಿ” ಎಂದಷ್ಟೇ ಅನ್ನುತ್ತಿದ್ದರು.

ದುಲ್ಹೇಭಾಯಿಯ ಮಾತನ್ನು ತಿರುಗಿಸುವ ದಾರಿ ಜಿಲಾನಿ ಪಾಷಾನಿಗೆ ಗೊತ್ತಿತ್ತು. ಅವರ ಮನೆತನದಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ದಾರಿಯೇ. ಅವನು ಶಾಮಿಯಾನಕ್ಕೆ ಓಡಿದ.

“ಆಪಾ!” ಅಕ್ಕನ ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಮೊದಲೆರಡು ಮಾತು ದಖ್ಖನಿಯಲ್ಲಿ ಆಯಿತು. ಬಿಸಿ ಏರಿದ ಹಾಗೆ ಕನ್ನಡಕ್ಕೆ ಬಂದ. “ಅವ್ರಿಗೆ ನೀನರ ಹೇಳು. ಗೆರಿಗೆ ಸರಿಯಾಗಿ ನೀ ಒಬ್ಬಾಕೇ ಕುಂತೀದಿ. ಖರೇ ಹೇಳು, ನೀ ನೋಡಿದೇನು?”

“ನೋಡೀನಿ.”

“ದಾಟಿತ್ತೇನು?”

ಕುಲ್ಸುಮ್ ದನಿ ಇಳಿಸಿದರು. “ಇಲ್ಲ. ವಾಹಿದಾ ಕಿತ್ತಾಗ ಚೆಂಡು ಈಚಿ ಇತ್ತು. ಒಂದು ಗೇಣು. ಇವ್ರು ಚೀಲ ಒಗದಿದ್ರಲ್ಲ, ಬರೋಬ್ಬರಿ ಅಲ್ಲೇ.”

“ಅಯ್ಯೋ ಅಲ್ಲಾ! ಮತ್ತ ಅವ್ರು ಹೇಳಿದ್ದು ಸರೀನೇ ಅದಲ್ಲ! ಏಳು, ಬಂದು ಹೇಳು!”

“ಅವ್ರು ನೋಡಿಲ್ಲ ಅಂತ ಹೇಳ್ಯಾರ.”

“ನೀ ನೋಡೀಯಲ್ಲ!”

“ಸೀಟಿ ಅವ್ರ ಕೊಳ್ಳಾಗದ, ಜಿಲಾನಿ. ನನ್ನ ಕೊಳ್ಳಾಗಿಲ್ಲ.”

“ನಿನ್ನ ತಮ್ಮನ ಮಗಳು ಸೋಲ್ತಾಳ ಆಪಾ.”

“ಸೋಲ್ತಾಳೋ ಗೆಲ್ತಾಳೋ, ಓಡಿದ ಮ್ಯಾಲ ತಿಳೀತದ. ಆಕಿಗೆ ಇನ್ನಾ ವಯಸ್ಸದ, ಮುಂದನೂ ಆಡ್ತಾಳ.” ಕುಲ್ಸುಮ್ ಮುಖ ತಿರುಗಿಸಿ ಆ ಕಡೆ ನೋಡಿದರು. ಮೈದಾನದ ನಡುವೆ ತಲೆಯ ತುಂಬ ಮಣ್ಣು ಮೆತ್ತಿಕೊಂಡ ಒಬ್ಬ ಮುದುಕ, ಎರಡು ಊರನ್ನು ಎದುರಿಗೆ ಹಾಕಿಕೊಂಡು, ಚೆಂಡು ಬಿಡದೆ ನಿಂತಿದ್ದ. “ಇಷ್ಟು ಮಂದಿ ಎದುರಿಗೆ ಆ ಮನುಷ್ಯ ಒಂದು ಮಾತು ಹೇಳ್ಯಾರ. ನಾ ಹೋಗಿ ಅದನ್ನ ತೆಗೀಬೇಕೇನು? ಮನ್ಯಾಗ ದಿನಾ ತೆಗೀತೀನಿ. ಇಲ್ಲಿ ತೆಗ್ಯಂಗಿಲ್ಲ. ಹೋಗು, ನಿನ್ನ ಜಾಗಾದಾಗ ನಿಂದ್ರು.”

ಜಿಲಾನಿ ಪಾಷಾ ಅಕ್ಕನನ್ನು ಹೊಸದಾಗಿ ಕಂಡವನ ಹಾಗೆ ನೋಡಿದ. ಎದ್ದು ಹೋದ.

ಓಟ ಮತ್ತೆ ನಡೆಯಿತು. ಗುರುತಿಗೆ ಚೀಲವಿಲ್ಲದ್ದರಿಂದ ಮಾಸ್ತರರು ತಮ್ಮ ಟೊಪ್ಪಿಗೆಯನ್ನೇ ಕೈಯಲ್ಲಿ ಹಿಡಿದಿದ್ದರು. ಸೊಂಟ ಬಗ್ಗಿಸಿ, ಕಣ್ಣು ಮಿಟುಕಿಸದೆ, ಚೆಂಡನ್ನಲ್ಲದೆ ಬೇರೇನನ್ನೂ ನೋಡಲಿಲ್ಲ. ಶಾಮಿಯಾನದ ಕಡೆ ಒಮ್ಮೆಯೂ ತಿರುಗಲಿಲ್ಲ. ತಿರುಗಿದ್ದರೆ ಕುಲ್ಸುಮ್ ಚಷ್ಮಾವನ್ನು ಹಣೆಗೇರಿಸಿ, ಡಾಕ್ಟರು ಬೇಡವೆಂದ ಬಿಸಿಲಿನಲ್ಲಿ ಬರಿಗಣ್ಣಿನಿಂದ ಗಂಡನನ್ನೇ ನೋಡುತ್ತಿರುವುದು ಕಾಣುತ್ತಿತ್ತು.

ಈ ಸಲ ಕಾವ್ಯಾ ಬಲಮೂಲೆಗೆ ಓಡಿದಳು. ಗೆಳತಿ ಎಸೆದ ಚೆಂಡು ಗಾಳಿಯಲ್ಲಿ ಬಂತು. ವಾಹಿದಾ ಹಾರಿ ಕೈ ಬೀಸಿದಳು, ಗಾಳಿ ಸಿಕ್ಕಿತು. ಕಾವ್ಯಾ ಗೆರೆ ದಾಟಿ ಅಷ್ಟು ದೂರ ಹೋಗಿ ಚೆಂಡು ಹಿಡಿದಿದ್ದಳು, ದೇವದುರ್ಗದವರಿಗೂ ತಕರಾರೆತ್ತಲು ಒಂದು ಬಿರುಕು ಸಿಗಲಿಲ್ಲ. ಮಾಸ್ತರರು ಎರಡೂ ಕೈ ಮೇಲೆತ್ತಿದರು. ಮಾನ್ವಿ ಕುಣಿಯಿತು. ಅಳಿಯಾ ಎಂದು ಕೂಗಿದ್ದವನೇ ಬಂದು ಅವರ ಕೈ ಹಿಡಿದು, “ನೀವು ದೇವರಂಥವ್ರು ಬಿಡ್ರಿ” ಎಂದ. ಬೇಡಪ್ಪಾ, ನಾಳೆ ಮತ್ತೊಂದು ಪಂದ್ಯ ಬರುತ್ತದೆ ಎಂದು ಮಾಸ್ತರರು ಕೈ ಬಿಡಿಸಿಕೊಂಡರು.

ಉಮಾಶ್ರೀ ಎರಡೂ ತಂಡಕ್ಕೆ ಮಂಡಾಳು ಮಿರ್ಚಿ ತರಿಸಿದಳು. ವಾಹಿದಾ ಒಂದಿಷ್ಟು ಅತ್ತು, ಒಂದಿಷ್ಟು ತಿಂದಳು. ಟೆಂಪೊ ಡ್ರೈವರ್ ಹಾರ್ನ್ ಹೊಡೆದಾಗ ಮಾಸ್ತರರೂ ಕುಲ್ಸುಮ್ ಅವರೂ ಬೇವಿನ ಮರದ ಕೆಳಗೆ ಕೈಚೀಲ ಇಟ್ಟುಕೊಂಡು ನಿಂತಿದ್ದರು. ಗಾಡಿ ಹತ್ತುವುದೋ ಬಿಡುವುದೋ ಇಬ್ಬರಿಗೂ ತಿಳಿದಿರಲಿಲ್ಲ. ಸೋಲಿಸಿದ ರೆಫ್ರಿ ಸೋತವರ ಗಾಡಿಯಲ್ಲಿ ಕೂತು ಸೋತವರ ಮನೆಗೆ ಉಣ್ಣಲು ಹೋಗುವುದು ಯಾವ ಪುಸ್ತಕದಲ್ಲೂ ಇಲ್ಲ.

ಜಿಲಾನಿ ಪಾಷಾ ಬಂದ. ಮುಖ ಊದಿತ್ತು. ಬೇವಿನ ಮರವನ್ನು ನೋಡುತ್ತ, “ಗಾಡ್ಯಾಗ ಜಾಗ ಅದ. ಅಮ್ಮಿ ಮುಂಜಾನಿಂದ ಕಾಯಾಕತ್ತಾಳ. ಬರ್ತಿಯೇನು ಆಪಾ?” ಎಂದ.

“ಅವ್ರನ್ನ ಕೇಳು” ಎಂದರು ಕುಲ್ಸುಮ್.

ಜಿಲಾನಿ ಪಾಷಾ ತಿರುಗಿ ಮಾಸ್ತರರನ್ನು ನೋಡಿದ. ಮಾಸ್ತರರು ತಿರುಗಿ ಹೆಂಡತಿಯ ಕಡೆ ನೋಡಿದರು. ಕುಲ್ಸುಮ್ ಕಾಲುವೆಯನ್ನು ನೋಡುತ್ತಿದ್ದರು. ಡ್ರೈವರ್ ಇನ್ನೊಮ್ಮೆ ಹಾರ್ನ್ ಹೊಡೆದ.

“ದೇವದುರ್ಗಕ್ಕ ಹೋಗೋಣು” ಎಂದು ಮಾಸ್ತರರು ಹೇಳಿ, ರೂಢಿಯಂತೆ ಸ್ವಲ್ಪ ತಡೆದು ನಿಂತರು. ಕುಲ್ಸುಮ್ ಬಗ್ಗಿ ಚೀಲ ಎತ್ತಿಕೊಂಡು ಗಾಡಿಯ ಕಡೆ ನಡೆದರು.

ಟೆಂಪೊದಲ್ಲಿ ಹುಡುಗಿಯರು ಒತ್ತಿ ಕೂತು ಜಾಗ ಮಾಡಿದರು. ಗಾಡಿ ಕಾಲುವೆ ದಾಟಿ, ಗದ್ದೆಯ ನಡುವಿನ ರಸ್ತೆಗೆ ಬಿದ್ದ ಮೇಲೆ ವಾಹಿದಾ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ, ಫುಪ್ಪಾನ, ಅಂದರೆ ಸೋದರತ್ತೆಯ ಗಂಡನ, ತಲೆಗೂದಲಿಗೆ ಅಂಟಿದ ಒಣಮಣ್ಣನ್ನು ಉಗುರಿನಿಂದ ಬಿಡಿಸತೊಡಗಿದಳು.

“ಫುಪ್ಪಾ, ಖರೇ ಹೇಳ್ರಿ. ಆಗ ನಾ ಕಿತ್ತಾಗ ಚೆಂಡು ದಾಟಿತ್ತೇನು?”

“ನಾ ನೋಡಿಲ್ಲ ಬೇಟಿ. ಹೇಳಿದ್ನಲ್ಲ. ನೀನು?”

“ನಾ ರಿಬ್ಬನ್ ನೋಡಾಕತ್ತಿದ್ದೆ. ಚೆಂಡು ಎಲ್ಲಿತ್ತೋ ನನಗೇನ್ ಗೊತ್ತು?”

“ಮತ್ತ ಈಚಿ ಇತ್ತು, ಈಚಿ ಇತ್ತು ಅಂತ ಅಷ್ಟು ಒದರಿದ್ಯಲ್ಲ?”

“ಎಲ್ಲಾರೂ ಒದರಾಕತ್ತಿದ್ರು ಫುಪ್ಪಾ. ನಾ ಒಬ್ಬಾಕಿ ಸುಮ್ಮ ನಿಂದ್ರಬೇಕೇನು?”

ಗಾಡಿಯ ತುಂಬ ನಗು ಎದ್ದಿತು. ಮಾಸ್ತರರೂ ನಕ್ಕರು. ನಕ್ಕು, ಕಿಟಕಿಯಾಚೆ ನೋಡುತ್ತ, “ಇರಲಿ. ಆದ್ರೂ ಅಷ್ಟು ಮಂದ್ಯಾಗ ಯಾರರ ಒಬ್ಬರು ನೋಡೇ ಇರಬೇಕಲ್ಲ” ಎಂದರು.

ಮುಂದಿನ ಸೀಟಿನಲ್ಲಿದ್ದ ಜಿಲಾನಿ ಪಾಷಾ ಇಡೀ ಮೈ ತಿರುಗಿಸಿ ಹಿಂದೆ ನೋಡಿದ. ಬಾಯಿ ತೆರೆದ. ಕುಲ್ಸುಮ್ ತಮ್ಮನ ಮುಖವನ್ನೇ ನೋಡುತ್ತಿದ್ದರು.

ಜಿಲಾನಿ ಪಾಷಾ ಬಾಯಿ ಮುಚ್ಚಿಕೊಂಡು ಮುಂದೆ ತಿರುಗಿದ. ಡ್ರೈವರ್ ಮೇಲೆ ರೇಗಿದ.

“ಏನ್ ನೋಡಾಕತ್ತೀಲೇ? ಬಿಡು ಗಾಡಿ!”

“ಬಿಟ್ಟು ಬಾಳ ಹೊತ್ತಾತ್ರೀ ಸೇಠ್” ಎಂದ ಡ್ರೈವರ್.